ಆಯಿಲ್ ಬಾಟಲ್ ಹಾಕಿಸುವ ಮೊದಲು ಚೇಂಬರ್ ಬಿಚ್ಚಿ

"ಸರ್, ಆ ಆಯಿಲ್ ಬಾಟಲ್ ಒಂದು ಹಾಕ್ಬಿಡಿ, ಶನಿವಾರ ಚೆನ್ನೈಗೆ ಹೋಗ್ತಿದೀನಿ." ಟ್ರ್ಯಾಕ್ ಡೇ, ಅಂದರೆ ಜನ ತಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ, ಇರುವ ವಾರ ಇಂಥ ಫೋನ್ ಒಂದಾದರೂ ಬರುತ್ತದೆ. ಬಾಟಲ್ ಅಂದರೆ ಆಯಿಲ್ ಪ್ರೆಷರ್ ಅಕ್ಯುಮ್ಯುಲೇಟರ್, ಎಂಜಿನ್ ಆಯಿಲ್ ಪ್ರೆಷರ್ ಬಿದ್ದಾಗ ಕೊಡಲಿಕ್ಕೆ ಆಯಿಲ್ ಕೂಡಿಟ್ಟುಕೊಳ್ಳುವ ಸಿಲಿಂಡರ್. ಅಮೆರಿಕದ ಕ್ಯಾಂಟನ್ ಕಂಪನಿ ಮಾರುವ ಬಾಟಲ್ ಹೆಸರು ಆಕ್ಯುಸಂಪ್. ಈಗ ಯಾರು ಮಾಡಿದ್ದಾದರೂ ಜನ ಆಕ್ಯುಸಂಪ್ ಅಂತಲೇ ಕರೀತಾರೆ, ಮಣ್ಣು ತೋಡೋ ಯಂತ್ರಕ್ಕೆಲ್ಲ ಜೆಸಿಬಿ ಅಂದ ಹಾಗೆ.

ನಾನು ಮೊದಲು ಕೇಳುವುದು ಒಂದೇ. ಚೇಂಬರ್ ಒಳಗೆ ಬ್ಯಾಫಲ್ ಇದೆಯಾ? ಚೇಂಬರ್ ಅಂದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಬ್ಯಾಫಲ್ ಅಂದರೆ ಆ ಆಯಿಲ್ ಅತ್ತಿತ್ತ ಓಡದ ಹಾಗೆ ತಡೆಯುವ ಅಡ್ಡ ತಗಡು. ಇದೆಯೋ ಇಲ್ಲವೋ ಹೆಚ್ಚಿನವರಿಗೆ ಗೊತ್ತಿರಲ್ಲ.

ಶಿರಾಡಿ ಇಳಿಯುವ ಬಸ್ಸಿನಲ್ಲಿ ಲೋಟದ ಕಾಫಿ ಹಿಡಿದು ಕೂತವರಿಗೆ ನಾನು ಜಾಸ್ತಿ ವಿವರಿಸಬೇಕಿಲ್ಲ. ತಿರುವಿನಲ್ಲಿ ಕಾಫಿ ಒಂದು ಕಡೆ ಏರುತ್ತದೆ. ಕಾರು ಪಕ್ಕಕ್ಕೆ 1 ಜಿ, ಅಂದರೆ ಭೂಮಿ ಕೆಳಗೆ ಎಳೆಯುವಷ್ಟೇ ಜೋರಾಗಿ, ಎಳೆದರೆ ಚೇಂಬರ್‌ನಲ್ಲಿರುವ ಆಯಿಲ್ ಸರಿಯಾಗಿ 45 ಡಿಗ್ರಿ ವಾಲುತ್ತದೆ. ಒಳ್ಳೆಯ ರೋಡ್ ಟೈರ್ ಇದ್ದರೆ ಅದರ ಹತ್ತಿರ ಹೋಗುತ್ತೀರಿ, ಟ್ರ್ಯಾಕಿಗೆಂದೇ ಮಾಡಿದ ಸೆಮಿ ಸ್ಲಿಕ್ ಟೈರ್ ಹಾಕಿದರೆ ದಾಟಿಯೇಬಿಡುತ್ತೀರಿ. ರಸ್ತೆಯಲ್ಲಾದರೆ ಇದು ಅರೆಕ್ಷಣ, ಆಯಿಲ್ ವಾಪಸ್ ಬಂದುಬಿಡುತ್ತದೆ. ಆದರೆ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನ 10 ಮತ್ತು 11ನೇ ತಿರುವಿನಂಥ ಕಡೆ, ಬಲಕ್ಕೆ ತಿರುಗಿ ಇನ್ನೂ ಬಲಕ್ಕೇ ತಿರುಗುತ್ತಾ ಹೋಗುವಾಗ, ಆಯಿಲ್ ಗೋಡೆಗೆ ಅಂಟಿಕೊಂಡು ಕೆಲವು ಸೆಕೆಂಡ್ ಅಲ್ಲೇ ನಿಲ್ಲುತ್ತದೆ. ಪಂಪ್ ಆಯಿಲ್ ಎಳೆಯುವ ಜಾಲರಿ, ಅಂದರೆ ಸ್ಟ್ರೇನರ್, ಅದರ ಬಾಯಿ ಬಯಲಾಗುತ್ತದೆ. ಪಂಪ್ ಗಾಳಿ ಎಳೆಯುತ್ತದೆ.

ಎಂಜಿನ್ನಿನ ತಿರುಗುವ ಮುಖ್ಯ ದಂಡ, ಕ್ರ್ಯಾಂಕ್, ಬೇರಿಂಗ್ ಮೇಲೆ ಕೂತಿರುವುದಲ್ಲ, ತೆಳ್ಳನೆಯ ಆಯಿಲ್ ಪದರದ ಮೇಲೆ ತೇಲುತ್ತಿರುವುದು. ಪದರ ಹೋದರೆ ಲೋಹಕ್ಕೆ ಲೋಹ. ನನ್ನ ಮೇಜಿನ ಮೇಲೆ ಒಂದು ಬಿಗ್ ಎಂಡ್ ಶೆಲ್ ಇದೆ, ಅಂದರೆ ಅಂಥದೇ ಬೇರಿಂಗ್‌ನ ಅರ್ಧ ಚಿಪ್ಪು, ಬಂದವರಿಗೆ ತೋರಿಸಲಿಕ್ಕೆಂದೇ ಇಟ್ಟಿದ್ದು. ಮೇಲಿನ ಬೂದು ಪದರ ಒರೆಸಿ ಹೋಗಿ ಒಳಗಿನ ತಾಮ್ರ ಮಿನುಗುತ್ತಿದೆ. ಆ ಕಾರಿನವರು "ಮೀಟರ್ ಯಾವತ್ತೂ ಬಿದ್ದೇ ಇಲ್ಲ ಸರ್" ಅಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಡ್ಯಾಶ್ ಮೀಟರ್‌ನ ಮುಳ್ಳು ಅಷ್ಟು ನಿಧಾನ. ಎಂಜಿನ್ ಮತ್ತೆ ಕಟ್ಟಿದ ಮೇಲೆ ಬೇರೆ ಸೆನ್ಸರ್, ಪ್ರೆಷರನ್ನು ಕ್ಷಣಕ್ಷಣಕ್ಕೂ ಬರೆದಿಡುವ ಲಾಗರ್ ಹಾಕಿ ಕಳಿಸಿದೆವು. ಪ್ರತಿ ಲ್ಯಾಪ್‌ನಲ್ಲೂ ಅದೇ ತಿರುವಿನಲ್ಲಿ ಪ್ರೆಷರ್ 60 ಪಿಎಸ್‌ಐ ಮೇಲಿಂದ 20ರ ಆಸುಪಾಸಿಗೆ ಇಳಿದು, ಒಂದು ಸೆಕೆಂಡಿನೊಳಗೆ ಎದ್ದು ಬರುತ್ತಿತ್ತು. ಕೆಂಪು ದೀಪವಂತೂ ಕೆಲವೇ ಪಿಎಸ್‌ಐಗೆ ಬಂದಾಗ ಹತ್ತುವಂಥದ್ದು. ಅದು ಹತ್ತುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ಈಗ ಬಾಟಲ್. ಒಂದು ಅಲ್ಯುಮಿನಿಯಂ ಸಿಲಿಂಡರ್, ಒಳಗೆ ಓಡಾಡುವ ಪಿಸ್ಟನ್, ಒಂದು ಕಡೆ ಗಾಳಿ, ಇನ್ನೊಂದು ಕಡೆ ಆಯಿಲ್. ಎಂಜಿನ್ ಚೆನ್ನಾಗಿ ಪ್ರೆಷರ್ ಕೊಡುವಾಗ ಆಯಿಲ್ ಒಳಗೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಪ್ರೆಷರ್ ಬಿದ್ದ ಕೂಡಲೇ ಗಾಳಿ ಆಯಿಲನ್ನು ವಾಪಸ್ ದಬ್ಬುತ್ತದೆ. ಮನೆಯ ಯುಪಿಎಸ್ ಥರ. ಕರೆಂಟ್ ಹೋಗುವುದನ್ನು ಅದು ತಡೆಯಲ್ಲ ಅಲ್ವಾ, ಸ್ವಲ್ಪ ಹೊತ್ತು ದೂಡುತ್ತದೆ ಅಷ್ಟೇ.

ಎಷ್ಟು ಹೊತ್ತು? 3 ಕ್ವಾರ್ಟ್‌ನದು, ಅಂದರೆ 2.8 ಲೀಟರ್ ಚಿಲ್ಲರೆ, ತಗೊಳ್ಳಿ. ಖಾಲಿ ಇದ್ದಾಗ ಗಾಳಿ 7 ಪಿಎಸ್‌ಐ ತುಂಬಿದ್ದೀರಿ. ಎಂಜಿನ್ 60 ಕೊಟ್ಟರೆ ಸುಮಾರು 2 ಲೀಟರ್ ಆಯಿಲ್ ಒಳಗೆ ಹೋಗುತ್ತದೆ. ಪಂಪ್ ನಿಮಿಷಕ್ಕೆ 30 ಲೀಟರ್ ತಳ್ಳುತ್ತಿದೆ ಅಂದುಕೊಂಡರೆ, ಅದು ಕಾಗದದ ಮೇಲೆ 4 ಸೆಕೆಂಡಿನ ಆಯಿಲ್. ಅದೂ ಕೊನೆಕೊನೆಗೆ ಪ್ರೆಷರ್ ಇಳಿಯುತ್ತಾ ಬರುವ 4 ಸೆಕೆಂಡ್. "ಗಾಳಿ ಜಾಸ್ತಿ ತುಂಬಿದರೆ ಜೋರಾಗಿ ದಬ್ಬುತ್ತೆ" ಅಂತ ಒಬ್ಬರು 20 ತುಂಬಿಸಿಕೊಂಡು ಬಂದಿದ್ದರು. ಆಗ ಅದೇ 60ಕ್ಕೆ ಒಳಗೆ ಹೋಗುವುದು ಒಂದೂವರೆ ಲೀಟರ್ ಮಾತ್ರ. ಗಾಳಿ ತುಂಬಿದಷ್ಟೂ ಆಯಿಲ್‌ಗೆ ಜಾಗ ಕಮ್ಮಿ.

ಹಾಗಾಗಿ ನನ್ನ ಕ್ರಮ ಹೀಗೆ. ಮೊದಲು ಚೇಂಬರ್ ಬಿಚ್ಚಿ ಬ್ಯಾಫಲ್ ಹಾಕಿ, ಮುಚ್ಚಳದ ಬಾಗಿಲುಗಳಿರುವಂಥದ್ದು, ಆಯಿಲ್ ಸ್ಟ್ರೇನರ್ ಕಡೆಗೆ ಮಾತ್ರ ಬರಬೇಕು. ಆಮೇಲೆ ಲಾಗರ್ ನೋಡಿ. ಇನ್ನೂ ಬೀಳುತ್ತಿದ್ದರೆ ಬಾಟಲ್. ಕಾರ್ವೆಟ್ ಝಡ್06ಗೆ 2006ರಲ್ಲಿ ಕಾರ್ಖಾನೆಯಿಂದಲೇ ಡ್ರೈ ಸಂಪ್, ಅಂದರೆ ಆಯಿಲನ್ನು ಚೇಂಬರ್ ಬದಲು ಬೇರೆ ಟ್ಯಾಂಕಿನಲ್ಲಿ ಇಡುವ ಏರ್ಪಾಡು, ಬಂತು, ನಿಜವಾದ ಔಷಧಿ ಅದೇ, ಆದರೆ ಆಮೇಲೆ ಕೂರಿಸಲು ಹೋದರೆ ಎಷ್ಟು ಖರ್ಚು, ಎಷ್ಟು ಬಿಚ್ಚಾಟ ಅಂತ ನಾನು ಹೇಳಿದ ಮೇಲೆ ಫೋನ್‌ನಲ್ಲಿ ಆ ಕಡೆಯವರು ಸುಮ್ಮನಾಗುತ್ತಾರೆ.

ಕೂರಿಸುವ ಕೆಲಸ ಕಷ್ಟದ್ದಲ್ಲ, ಆದರೆ ಗಲೀಜು ಮಾಡಬಾರದು. ಆಯಿಲ್ ಫಿಲ್ಟರ್ ಕೂರುವ ಜಾಗದಲ್ಲಿ ಸ್ಯಾಂಡ್‌ವಿಚ್ ಅಡಾಪ್ಟರ್, ಜೊತೆಗೆ ಒನ್‌ವೇ ವಾಲ್ವ್. ಅದಿಲ್ಲದಿದ್ದರೆ ಬಾಟಲ್‌ನ ಆಯಿಲ್ ಬೇರಿಂಗ್‌ಗೆ ಹೋಗುವ ಬದಲು ಪಂಪ್ ಕಡೆ ವಾಪಸ್ ಹೋಗುತ್ತದೆ. ಹೋಸ್ ದಪ್ಪ ಇರಲಿ, ಡ್ಯಾಶ್ 10 ಅನ್ನುವ ಸೈಜು, ಆದಷ್ಟು ಗಿಡ್ಡ, ಸೈಲೆನ್ಸರ್‌ನಿಂದ ದೂರ. ಹೆಣೆದ ಹೋಸ್ ಕತ್ತರಿಸಿದಾಗ ಸಣ್ಣ ತಂತಿ ಚೂರು ಒಳಗೆ ಉಳಿಯುತ್ತದೆ. ಅದನ್ನು ತೊಳೆದು, ಗಾಳಿ ಹೊಡೆದು, ಮತ್ತೆ ತೊಳೆಯಿರಿ. ಥ್ರೆಡ್‌ಗೆ ಪ್ಲಂಬರ್‌ನ ಬಿಳಿ ಟೇಪ್ ಮಾತ್ರ ಬೇಡ. ಅದರ ಚೂರು ಹರಿದು ನೇರ ಬೇರಿಂಗ್ ತೂತಿಗೆ ಹೋಗುತ್ತದೆ. ದ್ರವದ ಸೀಲೆಂಟ್ ಹಚ್ಚಿ. ಸಿಲಿಂಡರನ್ನು ಬೋಲ್ಟ್ ಹಾಕಿದ ಲೋಹದ ಕ್ಲ್ಯಾಂಪ್‌ನಲ್ಲಿ ಕಟ್ಟಿ. ಒಮ್ಮೆ ಜಿಪ್ ಟೈಯಲ್ಲಿ ಕಟ್ಟಿಕೊಂಡು ಬಂದಿದ್ದರು, ನಾನು ಕಾರು ಒಳಗೇ ಬಿಟ್ಟುಕೊಳ್ಳಲಿಲ್ಲ.

ಬಾಟಲ್ ಬಾಯಿಗೆ ಹಾಕುವ ವಾಲ್ವ್ ಎರಡು ಥರ. ಕೈಯಲ್ಲಿ ತಿರುಗಿಸುವುದು, ಇಲ್ಲ ಪ್ರೆಷರ್ ನೋಡಿ ತಾನೇ ತೆರೆಯುವ ಎಲೆಕ್ಟ್ರಿಕ್. ಎಲೆಕ್ಟ್ರಿಕ್‌ನಲ್ಲಿ 20-25ಕ್ಕೆ ತೆರೆಯುವುದು, 35-40ಕ್ಕೆ ತೆರೆಯುವುದು ಅಂತ ಬರುತ್ತವೆ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಹಳೇ ಲೆಕ್ಕ. ಆ ಲೆಕ್ಕದಲ್ಲಿ 7000ದಲ್ಲಿ 25ಕ್ಕೆ ಬೀಳುವವರೆಗೆ ಕಾಯುವುದು ತಡವೇ. ಟ್ರ್ಯಾಕಿಗೆ ನಾನು 35-40 ಹಾಕುತ್ತೇನೆ. ಬಿಸಿ ಎಂಜಿನ್ ಐಡಲ್‌ನಲ್ಲಿ ಅಷ್ಟಿಲ್ಲದಿದ್ದರೆ ಪಿಟ್‌ನಲ್ಲಿ ನಿಂತಾಗ ಆಯಿಲ್ ಒಂದಷ್ಟು ಚೇಂಬರ್‌ಗೆ ಇಳಿಯುತ್ತದೆ, ರೇಸ್ ಕೊಟ್ಟರೆ ಮತ್ತೆ ತುಂಬುತ್ತದೆ. ದಿನಾ ಸಿಗ್ನಲ್‌ನಲ್ಲಿ ನಿಲ್ಲುವ ಕಾರಾದರೆ 20-25 ಸಾಕು.

ಕೈ ವಾಲ್ವ್ ಇದ್ದವರು ಕ್ರಮ ಬಾಯಿಪಾಠ ಮಾಡಿ. ನಿಲ್ಲಿಸುವ ಮೊದಲು ಸ್ವಲ್ಪ ರೇಸ್ ಕೊಟ್ಟು, ಪ್ರೆಷರ್ ಇರುವಾಗಲೇ ವಾಲ್ವ್ ಮುಚ್ಚಿ, ಆಮೇಲೆ ಎಂಜಿನ್ ಆಫ್. ಮಾರನೇ ದಿನ ವಾಲ್ವ್ ತೆರೆದು, ಪ್ರೆಷರ್ ಬಂದಿದ್ದು ನೋಡಿ, ಸ್ಟಾರ್ಟ್. ತಣ್ಣಗಿನ ಬೇರಿಂಗ್‌ಗೆ ಮೊದಲೇ ಆಯಿಲ್ ಸಿಗುವ ಈ ಲಾಭವೇ ನನಗೆ ಎಲ್ಲಕ್ಕಿಂತ ಇಷ್ಟ. ಆಯಿಲ್ ಚೇಂಜ್ ಮಾಡುವಾಗ ಬಾಟಲನ್ನೂ ಖಾಲಿ ಮಾಡಿ, ಇಲ್ಲದಿದ್ದರೆ 2 ಲೀಟರ್ ಹಳೇದು ಹೊಸದರ ಜೊತೆ ಸೇರುತ್ತದೆ.

ಎಡವಟ್ಟು ನನ್ನಿಂದಲೇ ಆಗಿದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ, ಬೆಳಗಿನ ಸೆಷನ್‌ಗೆ ಮುಂಚೆ, ಬಾಟಲ್ ತುಂಬಿ ವಾಲ್ವ್ ಮುಚ್ಚಿದ್ದ ಕಾರಿನ ಡಿಪ್‌ಸ್ಟಿಕ್ ಎಳೆದು ನೋಡಿದೆ. ಕಮ್ಮಿ ಇತ್ತು. ಯೋಚನೆ ಮಾಡದೆ ಒಂದೂವರೆ ಲೀಟರ್ ಸುರಿದೆ. ಆಮೇಲೆ ವಾಲ್ವ್ ತೆರೆದೆ. ಸ್ಟಾರ್ಟ್ ಮಾಡಿದರೆ ಕ್ರ್ಯಾಂಕ್ ಆಯಿಲನ್ನು ಮಜ್ಜಿಗೆ ಕಡೆದ ಹಾಗೆ ಕಡೆದು, ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್‌ನಿಂದ ನೊರೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ. ಇಡೀ ಸೆಷನ್ ಕಾರಿನ ಕೆಳಗೆ ಮಲಗಿ ಆಯಿಲ್ ಇಳಿಸುತ್ತಿದ್ದೆ. ಆವತ್ತಿಂದ ನನ್ನ ಗ್ಯಾರೇಜಿನಿಂದ ಹೋಗುವ ಪ್ರತಿ ಬಾಟಲ್ ಕಾರಿನ ಡಿಪ್‌ಸ್ಟಿಕ್ ಹಿಡಿಗೆ ಒಂದು ಕೆಂಪು ಚೀಟಿ ಕಟ್ಟಿರುತ್ತದೆ. "ವಾಲ್ವ್?" ಅಂತ ಬರೆದಿರುತ್ತದೆ, ಅಷ್ಟೇ.