ಆರ್‌ಎಎಫ್ ಹುಟ್ಟದೇ ಇದ್ದಿದ್ದರೆ? ಒಂದು ಅಧ್ಯಯನ ಟಿಪ್ಪಣಿ

ಬ್ರಿಟನ್ನಿಗೆ ಆರ್‌ಎಎಫ್ (ರಾಯಲ್ ಏರ್ ಫೋರ್ಸ್) ಎಂಬ ಪ್ರತ್ಯೇಕ ವಾಯುಪಡೆಯೇ ಇರದಿದ್ದರೆ ಏನಾಗುತ್ತಿತ್ತು ಅಂತ ಕೇಳಿದರೆ ಜಾಸ್ತಿ ಜನ ಸೀದಾ 1940ಕ್ಕೆ, ಜರ್ಮನಿಯ ವಾಯುದಾಳಿಯನ್ನು ಬ್ರಿಟನ್ ತಡೆದ ವರ್ಷಕ್ಕೆ, ಹೋಗಿಬಿಡುತ್ತಾರೆ. ಆರ್‌ಎಎಫ್ ಇಲ್ಲ, ಸ್ಪಿಟ್‌ಫೈರ್ ಫೈಟರ್ ವಿಮಾನ ಇಲ್ಲ, ಸೋಲು ಖಚಿತ! ಅಷ್ಟು ಬೇಗ ಉತ್ತರ ಬರೆಯಬೇಡಿ. ದಾರಿ ಕವಲೊಡೆಯುವುದು 1917ರಲ್ಲಿ.

ಆಗ ಭೂಸೇನೆಗೆ ರಾಯಲ್ ಫ್ಲೈಯಿಂಗ್ ಕೋರ್ ಇತ್ತು, ನೌಕಾಪಡೆಗೆ ರಾಯಲ್ ನೇವಲ್ ಏರ್ ಸರ್ವಿಸ್. ಎಂಜಿನ್ನಿಗೆ, ವಿಮಾನಕ್ಕೆ ಇಬ್ಬರ ನಡುವೆ ಸದಾ ಕಿತ್ತಾಟ. 1917ರ ಜೂನ್ 13ರಂದು ಜರ್ಮನಿಯ ಗೋಥಾ ಬಾಂಬರ್‌ಗಳು ಹಾಡಹಗಲೇ ಲಂಡನ್ ಮೇಲೆ ಬಂದವು. 162 ಜನ ಸತ್ತರು, ಪಾಪ್ಲರ್‌ನ ಒಂದೇ ಶಾಲೆಯಲ್ಲಿ 18 ಮಕ್ಕಳು. ಜುಲೈ 7ಕ್ಕೆ ಮತ್ತೊಂದು ದಾಳಿ. ಜನ ರೊಚ್ಚಿಗೆದ್ದರು, ಸರ್ಕಾರ ಯುದ್ಧ ಸಂಪುಟದಲ್ಲಿದ್ದ ದಕ್ಷಿಣ ಆಫ್ರಿಕಾದ ಜನರಲ್ ಸ್ಮಟ್ಸ್‌ಗೆ ಪರಿಹಾರ ಹುಡುಕುವ ಕೆಲಸ ಒಪ್ಪಿಸಿತು, ಅವರು ಆಗಸ್ಟ್‌ನಲ್ಲಿ ಎರಡನ್ನೂ ಸೇರಿಸಿ ಅಂದರು, 1918ರ ಏಪ್ರಿಲ್ 1ರಂದು ಆರ್‌ಎಎಫ್ ಹುಟ್ಟಿತು. ನಮ್ಮ ಪರ್ಯಾಯ ಕಥೆಗೆ ಇಲ್ಲಿ ಒಂದು ಸಣ್ಣ ಬದಲಾವಣೆ ಸಾಕು: ಸ್ಮಟ್ಸ್ "ವಿಮಾನ ಹಂಚಿಕೆ ಸರಿಮಾಡಿ, ದಳಗಳು ಇದ್ದಲ್ಲೇ ಇರಲಿ" ಅಂದಿದ್ದರು ಅಂದುಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ಲಾಭ ನೌಕಾಪಡೆಗೆ. 1917ರ ಆಗಸ್ಟ್‌ನಲ್ಲೇ ಡನ್ನಿಂಗ್ ಎಂಬ ಅಧಿಕಾರಿ ಚಲಿಸುತ್ತಿದ್ದ ಫ್ಯೂರಿಯಸ್ ಹಡಗಿನ ಮೇಲೆ ವಿಮಾನ ಇಳಿಸಿದ್ದರು, ಈ ವಿದ್ಯೆಯಲ್ಲಿ ಬ್ರಿಟನ್ನೇ ಮುಂದಿತ್ತು. ಆದರೆ ಆರ್‌ಎಎಫ್ ಬಂದಾಗ ಆಕಾಶ ಬಲ್ಲ ನೌಕಾ ಅಧಿಕಾರಿಗಳು ಗುಂಪುಗುಂಪಾಗಿ ಆ ಕಡೆ ಹೋದರು. ಮುಂದೆ ಅಡ್ಮಿರಲ್‌ಗಳಾಗಿ ವಿಮಾನದ ಪರ ಮಾತಾಡಬೇಕಿದ್ದವರೇ ಅವರು. ಇನ್ನೊಂದು ಕಡೆ, 1921ರಲ್ಲಿ ಸೆಂಪಿಲ್ ನೇತೃತ್ವದ ಬ್ರಿಟಿಷ್ ತಂಡ ಜಪಾನಿನ ಕಸುಮಿಗೌರಾಕ್ಕೆ ಹೋಗಿ ಅಲ್ಲಿನ ನೌಕಾಪಡೆಗೆ ಹಾರಾಟ ಕಲಿಸಿತು. ಕಲಿತವರು ತಮ್ಮ ವಿಮಾನಗಳನ್ನು ನೌಕಾಪಡೆಯ ಕೈಯಲ್ಲೇ ಇಟ್ಟುಕೊಂಡರು, ಝೀರೋ ಫೈಟರ್‌ವರೆಗೆ ಬೆಳೆದರು. ಬ್ರಿಟಿಷ್ ನೌಕಾಪಡೆಗೆ ತನ್ನ ವಿಮಾನಗಳ ಪೂರ್ತಿ ಹಿಡಿತ ವಾಪಸ್ ಸಿಕ್ಕಿದ್ದು 1939ರ ಮೇ ತಿಂಗಳಲ್ಲಿ, ಯುದ್ಧಕ್ಕೆ ಬರೀ ಮೂರು ತಿಂಗಳ ಚಿಲ್ಲರೆ ಮೊದಲು. ಅದರ ಟಾರ್ಪಿಡೊ ವಿಮಾನ ಇನ್ನೂ ಬಟ್ಟೆ ಹೊದಿಸಿದ, ಎರಡು ಸಾಲು ರೆಕ್ಕೆಯ ಸ್ವೋರ್ಡ್‌ಫಿಶ್. 1940ರ ನವೆಂಬರ್‌ನಲ್ಲಿ ಅಂಥ 21 ವಿಮಾನಗಳಿಂದಲೇ ಟರಾಂಟೊ ಬಂದರಿನಲ್ಲಿ ಇಟಲಿಯ ಮೂರು ಯುದ್ಧನೌಕೆಗಳಿಗೆ ಹೊಡೆತ ಕೊಟ್ಟರು ಅಂದರೆ, ಇಪ್ಪತ್ತು ವರ್ಷ ಹಣ, ಜನ ಎರಡೂ ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ!

ಈಗ ಕಷ್ಟದ ಪ್ರಶ್ನೆ, 1940ರ ರಕ್ಷಣೆ. ವೀಕ್ಷಕರು, ಟೆಲಿಫೋನ್, ದೊಡ್ಡ ನಕ್ಷೆ ಇರುವ ಕೋಣೆ, ಅಲ್ಲಿಂದ ಫೈಟರ್‌ಗಳಿಗೆ ಆದೇಶ: ಈ ವ್ಯವಸ್ಥೆಯ ಬೇರು 1917ರಲ್ಲಿ ಜನರಲ್ ಆಶ್ಮೋರ್ ಲಂಡನ್ನಿಗೆ ಕಟ್ಟಿದ ರಕ್ಷಣೆಯಲ್ಲಿದೆ, ಆಗ ಆರ್‌ಎಎಫ್ ಇರಲೇ ಇಲ್ಲ. ಹಾಗಾಗಿ ಭೂಸೇನೆಯ ಕೆಳಗೂ ಇದು ಬೆಳೆಯಬಹುದಿತ್ತು. ಆದರೆ ದೂರದ ವಿಮಾನವನ್ನು ರೇಡಿಯೊ ಅಲೆಗಳಿಂದ ಪತ್ತೆ ಹಚ್ಚುವ ರಾಡಾರ್? 1935ರಲ್ಲಿ ವಿಜ್ಞಾನಿ ವಾಟ್ಸನ್-ವಾಟ್ ಅವರ ಪ್ರಯೋಗಕ್ಕೆ ಬೆನ್ನಿಗೆ ನಿಂತದ್ದು ವಾಯು ಸಚಿವಾಲಯ, ಹಣ ಸಿಗುವಂತೆ ಮಾಡಿದವರು ಆರ್‌ಎಎಫ್‌ನ ಹಿರಿಯ ಅಧಿಕಾರಿ ಡೌಡಿಂಗ್. ಟ್ಯಾಂಕು, ತೋಪುಗಳಿಗೇ ದುಡ್ಡು ಸಾಲದ ಭೂಸೇನೆ ಅದೇ ವೇಗದಲ್ಲಿ ಇದನ್ನು ಮಾಡುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಇಡೀ ಪರ್ಯಾಯ ಕಥೆಯಲ್ಲಿ ಬ್ರಿಟನ್ನಿಗೆ ನಿಜವಾದ ಅಪಾಯ ಇದೊಂದೇ.

ಹಾಗಂತ ಆರ್‌ಎಎಫ್ ಮುಖ್ಯಸ್ಥರೇ ಫೈಟರ್‌ಗಳನ್ನು ಮುಂದಿಟ್ಟರು ಅಂದುಕೊಳ್ಳಬೇಡಿ. ಅವರ ಒಲವು ಬಾಂಬರ್‌ಗಳ ಕಡೆಗೇ. 1937ರ ಕೊನೆಯಲ್ಲಿ ಫೈಟರ್‌ಗೆ ಆದ್ಯತೆ ಕೊಡಿ ಅಂದವರು ರಕ್ಷಣಾ ಸಮನ್ವಯ ಸಚಿವ ಇನ್‌ಸ್ಕಿಪ್. ಅದೇ ವರ್ಷ ಹಡಗಿನ ವಿಮಾನಗಳನ್ನು ನೌಕಾಪಡೆಗೆ ಮರಳಿಸಲು ತೀರ್ಮಾನ ಕೊಟ್ಟವರೂ ಅವರೇ. ಈ ಹೆಸರು ನೆನಪಿಡಿ, ಪಠ್ಯಗಳಲ್ಲಿ ಸುಮ್ನೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ.

1920ರ ದಶಕದಲ್ಲಿ ಆರ್‌ಎಎಫ್ ಉಳಿದದ್ದು ಸೊಮಾಲಿಲ್ಯಾಂಡ್, ಇರಾಕ್‌ಗಳಲ್ಲಿ ಕಡಿಮೆ ಖರ್ಚಿನಲ್ಲಿ ಆಳ್ವಿಕೆ ಕಾಯುತ್ತೇವೆ ಅಂತ ಅದರ ಮುಖ್ಯಸ್ಥ ಟ್ರೆಂಚಾರ್ಡ್ ಸರ್ಕಾರವನ್ನು ಒಪ್ಪಿಸಿದ್ದರಿಂದ. ಆ ಉಳಿತಾಯದ ಬೆಲೆ ತೆತ್ತವರು ಬಾಂಬ್ ಬಿದ್ದ ಹಳ್ಳಿಗಳ ಜನ, ಉತ್ತರ ಬರೆಯುವಾಗ ಇದನ್ನು ಬಿಡಬೇಡಿ.

ನಮಗೂ ಇದರ ನಂಟಿದೆ. ಭಾರತೀಯ ವಾಯುಪಡೆ 1932ರ ಅಕ್ಟೋಬರ್ 8ರಂದು ಪ್ರತ್ಯೇಕ ಪಡೆಯಾಗಿ ಹುಟ್ಟಿದ್ದು ಬ್ರಿಟನ್ನಿನ ಮಾದರಿಯಲ್ಲೇ. ಆದರೆ 1933ರಲ್ಲಿ ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳಿಂದ ಶುರುವಾದ ಅದರ ಮೊದಲ ತುಕಡಿಗೆ ವಹಿಸಿದ್ದು ಭೂಸೇನೆಗೆ ನೆರವಾಗುವ ಕೆಲಸ. ಆರ್‌ಎಎಫ್ ಇರದಿದ್ದರೆ ಆ ಹುಡುಗರು ಬಹುಶಃ ಭೂಸೇನೆಯ ಸಮವಸ್ತ್ರದಲ್ಲೇ ಹಾರುತ್ತಿದ್ದರು.