ನೆನಪು ಹೋದರೂ ನೋವು ಉಳಿಯುತ್ತದೆ

'ಅರವತ್ತಕ್ಕೆ ಅರಳು ಮರಳು.' ಎಷ್ಟು ಸಲೀಸಾಗಿ ಅಂದುಬಿಡುತ್ತೇವೆ, ಅಲ್ವಾ? ನನಗೆ ಈ ಮಾತಿನ ಮೇಲೆ ಸಿಟ್ಟಿದೆ. ಡಿಮೆನ್ಷಿಯಾ, ಅಂದರೆ ನೆನಪು, ಯೋಚನಾಶಕ್ತಿ ಕುಗ್ಗುತ್ತ ಹೋಗುವ ಸ್ಥಿತಿ, ಎಲ್ಲ ವಯಸ್ಸಾದವರಿಗೂ ಬರುವಂಥದ್ದಲ್ಲ. ಅದು ಮಿದುಳಿನ ಕಾಯಿಲೆಗಳಿಂದ ಬರುತ್ತದೆ; ಅಲ್ಝೈಮರ್ ಕಾಯಿಲೆ ಅವುಗಳಲ್ಲಿ ಒಂದು. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ವಿವರಿಸಿದ ಆ ಪ್ರಸಿದ್ಧ ರೋಗಿ, ಆಗುಸ್ಟೆ ಡೆಟೆರ್, ಆಸ್ಪತ್ರೆ ಸೇರಿದಾಗ ಆಕೆಗೆ ಬರೀ 51 ವರ್ಷ. ಇದು ದೆವ್ವವೂ ಅಲ್ಲ, ಯಾರ ಶಾಪವೂ ಅಲ್ಲ.

ಇದಕ್ಕಿಂತ ಕ್ರೂರವಾದ ಮಾತು ಇನ್ನೊಂದಿದೆ. 'ಅವರಿಗೇನೂ ಗೊತ್ತಾಗಲ್ಲ ಬಿಡಿ.' ಅದನ್ನು ರೋಗಿಯ ಎದುರಿಗೇ ಹೇಳುತ್ತಾರೆ. ಗುರುತೇ ಸಿಗದ ಮೇಲೆ ಹೋಗಿ ಏನು ಮಾಡೋದು ಅಂತ ಗೆಳೆಯರು ಬರುವುದನ್ನು ಬಿಡುತ್ತಾರೆ. ಮನೆಯವರು ನಾಚಿಕೊಂಡು ಬಾಗಿಲು ಮುಚ್ಚುತ್ತಾರೆ. ನೋಡಿಕೊಳ್ಳುವವರಿಗೆ ಮಾತಾಡಲು ಇನ್ನೊಂದು ಜೀವ ಇರುವುದಿಲ್ಲ.

ನಿಜಕ್ಕೂ ಗೊತ್ತಾಗುವುದಿಲ್ಲವೇ?

ಜಿನೀವಾದ ಮನೋವಿಜ್ಞಾನಿ ಎಡುವಾರ್ ಕ್ಲಾಪರೆಡ್ 1911ರಲ್ಲಿ ಒಂದು ಪ್ರಸಂಗ ಬರೆದರು. ಒಬ್ಬ ಮಹಿಳೆಗೆ ಹೊಸದಾಗಿ ಏನೂ ನೆನಪಲ್ಲಿ ನಿಲ್ಲುತ್ತಿರಲಿಲ್ಲ. ಆಕೆಯದು ಬೇರೆ ಕಾಯಿಲೆ, ಆದರೆ ಮರೆವು ಅಷ್ಟೇ ಗಾಢ. ಕ್ಲಾಪರೆಡ್ ಅಂಗೈಯಲ್ಲಿ ಗುಂಡುಸೂಜಿ ಬಚ್ಚಿಟ್ಟುಕೊಂಡು ಆಕೆಯ ಕೈ ಕುಲುಕಿದರು. ಚುಚ್ಚಿದ್ದನ್ನು ಆಕೆ ಬೇಗನೆ ಮರೆತರು. ಆದರೂ ಅವರು ಮತ್ತೆ ಕೈ ಚಾಚಿದಾಗ ಆಕೆ ಕೈ ಹಿಂದಕ್ಕೆ ಎಳೆದುಕೊಂಡರು! ಇಂದು ಯಾರೂ ಇಂಥ ಪ್ರಯೋಗ ಮಾಡಲು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಆದರೆ ಆ ಹಿಂದೆ ಸರಿದ ಕೈ ನನ್ನನ್ನು ಇನ್ನೂ ಬಿಟ್ಟಿಲ್ಲ.

ಏನು ನಡೆಯಿತು, ಎಲ್ಲಿ ನಡೆಯಿತು ಎಂದು ಬರೆದಿಡುವ ಕೆಲಸಕ್ಕೆ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಬೇಕು. ಅಲ್ಝೈಮರ್ ಕಾಯಿಲೆ ಬೇಗನೆ ಹಾಳುಮಾಡುವ ಭಾಗಗಳಲ್ಲಿ ಅದೂ ಒಂದು. ಆದರೆ ಹೆದರಿಕೆ, ಬೇಸರ, ಹಿತ ಇವು ಆ ಪುಸ್ತಕವನ್ನೇ ನೆಚ್ಚಿಕೊಂಡಿಲ್ಲ. ಹೂವಿನ ಬುಟ್ಟಿ ಎತ್ತಿಟ್ಟ ಮೇಲೂ ಕೋಣೆಯಲ್ಲಿ ಘಮ ಇರುತ್ತದೆ. ಒಲೆ ಆರಿದ ಮೇಲೂ ಕಲ್ಲು ಬಿಸಿಯಾಗಿರುತ್ತದೆ. ಮಳೆ ನಿಂತರೂ ಮರದಿಂದ ಹನಿ ಬೀಳುತ್ತಲೇ ಇರುತ್ತದೆ. ಘಟನೆ ಹೋಯಿತು, ಅದು ಎಬ್ಬಿಸಿದ ಭಾವನೆ ಉಳಿಯಿತು.

ಸುಮ್ನೆ ಉಪಮೆ ಹೇಳುತ್ತಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ 17 ಅಲ್ಝೈಮರ್ ರೋಗಿಗಳಿಗೆ ದುಃಖದ ಮತ್ತು ನಗಿಸುವ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ನೋಡಿದ್ದೆಲ್ಲ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಭಾವನೆ ಮಾತ್ರ 30 ನಿಮಿಷದವರೆಗೂ ಉಳಿದಿತ್ತು. ಸಿನಿಮಾ ಎಷ್ಟು ಕಡಿಮೆ ನೆನಪಿತ್ತೋ, ಬೇಸರ ಅಷ್ಟು ಜಾಸ್ತಿ ಹೊತ್ತು ನಿಂತಿತ್ತು. ನನಗೆ ಅನಿಸುವುದು ಇಷ್ಟು. ಕಾರಣ ಗೊತ್ತಿದ್ದರೆ ನಾವು ನಮ್ಮನ್ನೇ ಸಮಾಧಾನ ಮಾಡಿಕೊಳ್ಳಬಹುದು. ಕಾರಣವೇ ಮರೆತವರು ಏನಂತ ಸಮಾಧಾನ ಮಾಡಿಕೊಳ್ಳಬೇಕು?

'ಗೊತ್ತಾಗಲ್ಲ ಬಿಡಿ' ಅಂದವರು ಎದ್ದು ಹೋಗಿರುತ್ತಾರೆ. ಅಜ್ಜಿ ಆಮೇಲೆ ಯಾರ ಹತ್ತಿರವೂ ಮಾತಾಡದೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಇವತ್ತು ಕಾಯಿಲೆ ಜಾಸ್ತಿಯಾಗಿದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ.