ಪದ ಪರಿಚಯ: ಅಯಾನು ದಾಟಿಸುವ ಗಾಜು

ಗಾಜು ವಿದ್ಯುತ್ತನ್ನು ಹರಿಯಗೊಡುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದೇವೆ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮಾತು ಬೇರೆ. ಆಗಲೂ ಗಾಜು ಎಲೆಕ್ಟ್ರಾನುಗಳಿಗೆ ದಾರಿ ಬಿಡದು, ಆದರೆ ಸೋಡಿಯಂ ಅಯಾನುಗಳಿಗೆ, ಅಂದರೆ ವಿದ್ಯುದಾವೇಶ ಹೊತ್ತ ಸೋಡಿಯಂ ಪರಮಾಣುಗಳಿಗೆ, ಬಿಡುತ್ತದೆ. ಕರಗಿದ ಲವಣದ ಬ್ಯಾಟರಿಗಳಲ್ಲಿ ಎರಡು ಬಿಸಿ ದ್ರವಗಳ ನಡುವೆ ಇಂಥ ಗಾಜನ್ನು ಗೋಡೆಯಾಗಿ ನಿಲ್ಲಿಸಿದರೆ ಅದೇ ಅಯಾನು ವಾಹಕ ಗಾಜಿನ ಸೆಪರೇಟರ್.

ಗಾಜಿನಲ್ಲಿ ಸಿಲಿಕಾನ್ ಅಥವಾ ಬೋರಾನ್ ಆಮ್ಲಜನಕದೊಡನೆ ಸೇರಿ ಕ್ರಮವಿಲ್ಲದ ಜಾಲ ಕಟ್ಟಿಕೊಂಡಿರುತ್ತದೆ. ಸೋಡಿಯಂ ಆ ಜಾಲದ ಸಂದುಗಳಲ್ಲಿ ಧನ ಅಯಾನಾಗಿ ಸಡಿಲವಾಗಿ ಕೂತಿರುತ್ತದೆ. ಶಾಖ ಏರಿದಂತೆ ಒಂದು ಸಂದಿನಿಂದ ಪಕ್ಕದ ಸಂದಿಗೆ ಜಿಗಿಯುತ್ತದೆ. ಜರ್ಮನಿಯ ಎಮಿಲ್ ವಾರ್‌ಬರ್ಗ್ 1884ರಲ್ಲೇ ಇದನ್ನು ತೋರಿಸಿದ್ದರು. 1925ರಲ್ಲಿ ರಾಬರ್ಟ್ ಬರ್ಟ್ ಮಾಡಿದ ಪ್ರಯೋಗವಂತೂ ಬೆರಗು ಹುಟ್ಟಿಸುತ್ತದೆ: ಉರಿಯುವ ಬಲ್ಬನ್ನು ಕರಗಿದ ಸೋಡಿಯಂ ನೈಟ್ರೇಟಿನಲ್ಲಿ ಅದ್ದಿ ವಿದ್ಯುತ್ ಹಾಯಿಸಿದಾಗ, ಲವಣದ ಸೋಡಿಯಂ ಗಾಜನ್ನು ಹಾದು, ಗಾಳಿಯೂ ನುಸುಳಲಾಗದ ಬಲ್ಬಿನೊಳಗೆ ಲೋಹವಾಗಿ ಕಾಣಿಸಿಕೊಂಡಿತು.

ಸೋಡಿಯಂ-ಗಂಧಕದ ಬ್ಯಾಟರಿಗೆ ಬೇಕಾಗಿದ್ದುದೂ ಇದೇ ಗುಣ. ಅಲ್ಲಿ ಕರಗಿದ ಸೋಡಿಯಂ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಅಯಾನಾಗಿ ಗೋಡೆ ದಾಟುತ್ತದೆ, ಆಚೆ ಗಂಧಕದೊಡನೆ ಸೇರಿ ಪಾಲಿಸಲ್ಫೈಡ್ ಲವಣವಾಗುತ್ತದೆ. ಎಲೆಕ್ಟ್ರಾನು ಹೊರಗಿನ ತಂತಿಯಲ್ಲಿ ಸುತ್ತಿಕೊಂಡು ಬರಬೇಕು, ನಮಗೆ ಸಿಗುವ ವಿದ್ಯುತ್ತು ಅದೇ. ಎಲೆಕ್ಟ್ರಾನೂ ಗೋಡೆ ದಾಟಿದರೆ ಬ್ಯಾಟರಿ ಒಳಗೊಳಗೇ ಖಾಲಿಯಾಗುತ್ತದೆ. ಗೋಡೆಯೇ ಒಡೆದರೆ ಸೋಡಿಯಂ ಮತ್ತು ಗಂಧಕ ನೇರವಾಗಿ ಬೆರೆತು ವಿಪರೀತ ಶಾಖ ಹುಟ್ಟುತ್ತದೆ.

1960ರ ದಶಕದಲ್ಲಿ ಫೋರ್ಡ್ ಕಂಪನಿಯ ಸಂಶೋಧಕರು ಈ ಗೋಡೆಗೆ ಬೀಟಾ-ಅಲ್ಯುಮಿನಾ ಎಂಬ ಸೆರಾಮಿಕ್ ಆರಿಸಿಕೊಂಡರು. ಡೌ ಕೆಮಿಕಲ್ ಹಿಡಿದದ್ದು ಗಾಜಿನ ದಾರಿ. ಗಾಜಿನ ವಾಹಕತೆ ಸೆರಾಮಿಕ್ಕಿಗಿಂತ ಬಹಳ ಕಡಿಮೆ. ಅದನ್ನು ಸರಿದೂಗಿಸಲು ಗೋಡೆ ತೀರಾ ತೆಳುವಾಗಬೇಕು, ವಿಸ್ತೀರ್ಣ ಹೆಚ್ಚಬೇಕು. ಅದಕ್ಕೆ ಅವರು ಬೋರೇಟ್ ಗಾಜನ್ನು ಕೂದಲೆಳೆಯಂಥ ಟೊಳ್ಳು ನಳಿಗೆಗಳಾಗಿ ಎಳೆದು, ಸಾವಿರಾರು ನಳಿಗೆಗಳನ್ನು ಕಟ್ಟಾಗಿ ಜೋಡಿಸಿದರು. ಒಳಗೆ ಸೋಡಿಯಂ, ಹೊರಗೆ ಗಂಧಕ. ಬ್ಯಾಟರಿ ವಿನ್ಯಾಸಗಳಲ್ಲಿ ಇಷ್ಟು ಸೊಗಸಾದದ್ದು ಕಡಿಮೆ ಎಂದೇ ನನ್ನ ಅನಿಸಿಕೆ. ಆದರೆ ನಳಿಗೆಗಳು ಮುರಿಯುತ್ತಿದ್ದವು. ಕೊನೆಗೆ ಮಾರುಕಟ್ಟೆಗೆ ಬಂದದ್ದು ಸೆರಾಮಿಕ್ಕೇ. ಜಪಾನಿನ ಎನ್‌ಜಿಕೆ ಕಂಪನಿ ವಿದ್ಯುತ್ ಜಾಲಗಳಿಗೆ ಕೊಟ್ಟ ದೊಡ್ಡ ಬ್ಯಾಟರಿಗಳಲ್ಲಿ ಇದ್ದದ್ದು ಬೀಟಾ-ಅಲ್ಯುಮಿನಾ ಕೊಳವೆ.

ಯುಪಿಎಸ್‌ನ ಸೀಸದ ಬ್ಯಾಟರಿಗಳಲ್ಲೂ ಗಾಜುನಾರಿನ ಸೆಪರೇಟರ್ ಇರುತ್ತದೆ. ಅದು ಬೇರೆಯೇ ವಸ್ತು. ಆ ಹಾಸು ಆಮ್ಲವನ್ನು ಹೀರಿಟ್ಟುಕೊಳ್ಳುತ್ತದೆ, ಅಯಾನುಗಳು ಓಡಾಡುವುದು ಆ ಆಮ್ಲದಲ್ಲೇ ಹೊರತು ಗಾಜಿನೊಳಗಲ್ಲ.